ಅಪ್‌ಡೇಟ್: ಕಾರವಾರದ ಕಟ್ಟಡ ಕೆಲಸದವರ ಧರಣಿ ಏನಾಯ್ತು

ಕಾರವಾರದ ಹತ್ತಿರ ದೊಡ್ಡ ಕಟ್ಟಡದ ಕೆಲಸದಲ್ಲಿರುವ ನನ್ನ ತಮ್ಮನಿಗೆ ಎರಡು ತಿಂಗಳ ಪಗಾರ ಬಂದಿಲ್ಲ, ಶೆಡ್ಡಿನಲ್ಲಿ ಕುಡಿಯುವ ನೀರೂ ಸರಿ ಇಲ್ಲ, ಏನು ಮಾಡಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಸೋಮವಾರ ಯಾರೂ ಕೆಲಸಕ್ಕೆ ಇಳಿಯಲಿಲ್ಲ. ಸೆಂಟ್ರಿಂಗ್‌ನವರು, ಬಾರ್ ಬೆಂಡಿಂಗ್‌ನವರು, ಗಾರೆಯವರು ಎಲ್ಲ ಮಳೆಯಲ್ಲೇ ಗೇಟಿನ ಮುಂದೆ ಕೂತರು. ತಲೆ ಮೇಲೆ ಸಿಮೆಂಟ್ ಚೀಲದ ಕೊಪ್ಪೆ. ಒಡಿಶಾದ ಹುಡುಗನೊಬ್ಬ ಟ್ಯಾಂಕಿನ ನೀರನ್ನು ಬಾಟಲಿಯಲ್ಲಿ ತುಂಬಿ ತಂದಿದ್ದ. ಚಹಾದ ಬಣ್ಣ, ಅಡಿಯಲ್ಲಿ ಒಂದು ಬೆರಳಿನಷ್ಟು ಕೆಸರು. ಮಾತೇ ಆಡದೆ ಅದನ್ನು ಅಲ್ಲಿಗೆ ಬಂದಿದ್ದ ಅಧಿಕಾರಿಯೊಬ್ಬರ ಕೈಗೆ ಕೊಟ್ಟ. ನನಗೆ ಕಣ್ಣು ತುಂಬಿ ಬಂತು.

ಗುತ್ತಿಗೆದಾರ ‘ಬಿಲ್ ಆಗಿಲ್ಲ’, ಅಂದರೆ ಕಂಪನಿಯಿಂದ ತನಗೇ ಹಣ ಬಂದಿಲ್ಲ ಅಂತಲೇ ಹೇಳುತ್ತಿದ್ದ. ನೀವು ಹೇಳಿಕೊಟ್ಟ ಮಾತು ಕೆಲಸಕ್ಕೆ ಬಂತು: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಳ್ಳುವ ಮೂಲ ಕಂಪನಿಯೇ ಕೊಡಬೇಕು. ನನ್ನ ತಮ್ಮ ಹಾಜರಿ ಪುಸ್ತಕದ ಫೋಟೊ ತೆಗೆದಿಟ್ಟುಕೊಂಡಿದ್ದೂ ಒಳ್ಳೆಯದಾಯ್ತು. ಗುರುವಾರ ಒಂದು ತಿಂಗಳ ಹಣ ಖಾತೆಗೆ ಬಿತ್ತು. ನೀರಿನ ಕ್ಯಾನ್ ಬರುತ್ತಿದೆ. ಶೆಡ್ ಮಾತ್ರ ಇನ್ನೂ ಸೋರುತ್ತಿದೆ.

ಇನ್ನೊಂದು ವಿಷಯ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಬಹಳ ಜನರ ಹತ್ತಿರ ಇರಲೇ ಇಲ್ಲ! ವಯಸ್ಸು 18ರಿಂದ 60ರ ಒಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಬಹುದು. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲಾಗುವುದೇ ಇವರಿಗಾಗಿ ಅಲ್ವಾ? ಭಾನುವಾರ ಕೂತು ಎಲ್ಲರ ಅರ್ಜಿ ತುಂಬುತ್ತಿದ್ದೇವೆ. ಉಳಿದ ತಿಂಗಳ ಹಣ ಬಂದ ಕೂಡಲೇ ತಿಳಿಸುತ್ತೇನೆ.