ಆಗಸ್ಟ್‌ನಲ್ಲಿ ಬಂದ ಮಗುವಿಗೆ ಶಾಲೆ ಸಿಗುವುದಿಲ್ಲವೇ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಬಾಡಿಗೆ ಕೋಣೆಯೊಂದರಲ್ಲಿ ಕೊಪ್ಪಳ ಕಡೆಯ ಕುಟುಂಬವೊಂದಿದೆ. ತಂದೆ ಬೋಟಿನಲ್ಲಿ ದುಡಿಯುತ್ತಾರೆ, ತಾಯಿ ಬೋಟುಗಳು ಮೀನು ಇಳಿಸುವ ಧಕ್ಕೆಯಲ್ಲಿ ಮೀನು ವಿಂಗಡಿಸುತ್ತಾರೆ. 9 ವರ್ಷದ ಮಗಳು ಊರಿನಲ್ಲಿ ಎರಡನೇ ತರಗತಿ ಮುಗಿಸಿ ಶಾಲೆ ಬಿಟ್ಟಿದ್ದಾಳೆ. ಆಗಸ್ಟ್‌ನಲ್ಲಿ ಇಲ್ಲಿನ ಸರ್ಕಾರಿ ಶಾಲೆಗೆ ಕರೆದೊಯ್ದಾಗ, ವರ್ಗಾವಣೆ ಪತ್ರವಿಲ್ಲದಿದ್ದರೆ ಮುಂದಿನ ಜೂನ್‌ನಲ್ಲಿ ಬನ್ನಿ, ಆಗಲೂ ಒಂದನೇ ತರಗತಿಗೇ ಸೇರಿಸಬೇಕಾದೀತು ಎಂದರಂತೆ. ಇದು ಸರಿಯೇ ಸರ್?

ಉತ್ತರ (ನಿವೃತ್ತ ಮುಖ್ಯೋಪಾಧ್ಯಾಯರು): ಖಂಡಿತ ಸರಿಯಲ್ಲ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ, ಶಾಲೆ ತೆರೆಯುವ ಹೊತ್ತಿಗೇ ಇಂತಹ ಕುಟುಂಬಗಳು ಊರಿಗೆ ಹೊರಟಿರುತ್ತವೆ. ಅವರಿಗೆ ಜೂನ್‌ನಲ್ಲಿ ಬನ್ನಿ ಎನ್ನುವುದು ಬರಲೇಬೇಡಿ ಎಂದಂತೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, 6ರಿಂದ 14 ವರ್ಷದೊಳಗಿನ ಮಗು ವರ್ಷದ ನಡುವೆ ಬಂದರೂ ಪ್ರವೇಶ ನಿರಾಕರಿಸುವಂತಿಲ್ಲ; ವರ್ಗಾವಣೆ ಪತ್ರ ತಡವಾದದ್ದಾಗಲಿ, ವಯಸ್ಸಿನ ದಾಖಲೆ ಇಲ್ಲದಿರುವುದಾಗಲಿ ಅದಕ್ಕೆ ಕಾರಣವಾಗಲಾರದು. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದ ಪಾಠಗಳಿಗೆ ವಿಶೇಷ ತರಬೇತಿ ಕೊಡಬೇಕೆಂದು 4ನೇ ಸೆಕ್ಷನ್ ಹೇಳುತ್ತದೆ. ಅರ್ಜಿಯನ್ನು ಬರವಣಿಗೆಯಲ್ಲಿಯೇ ಕೊಡಿ. ನಿರಾಕರಿಸಿದರೆ ಹಿಂಬರಹ, ಅಂದರೆ ಕಾರಣ ತಿಳಿಸುವ ಲಿಖಿತ ಉತ್ತರ, ಕೇಳಿ, ಅದರೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ. ಹಿಂಬರಹ ಎಂದೊಡನೆ ಅನೇಕ ಕಡೆ ಅರ್ಜಿ ತಾನಾಗಿಯೇ ಮುಂದೆ ಸಾಗುತ್ತದೆ!

ಮರುಪ್ರಶ್ನೆ: ನಾಲ್ಕನೇ ತರಗತಿಗೆ ಸೇರಿಸಿಕೊಂಡರು ಸರ್, ಧನ್ಯವಾದ. ಆದರೆ ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲವಂತೆ. ತಾಯಿ ನಸುಕಿಗೇ ಧಕ್ಕೆಗೆ ಹೋಗುವುದರಿಂದ ಮೂರೂವರೆ ವರ್ಷದ ತಮ್ಮನನ್ನು ನೋಡಿಕೊಳ್ಳಲು ಆಗಾಗ ಮನೆಯಲ್ಲೇ ಉಳಿಯುತ್ತಾಳೆ.

ಉತ್ತರ: ಮೌನದ ಬಗ್ಗೆ ಈಗಲೇ ಚಿಂತೆ ಬೇಡ. ಪಾಠ ಕನ್ನಡದಲ್ಲಿದ್ದರೂ ಪಕ್ಕದಲ್ಲಿ ಕುಳಿತವರ ಮಾತು, ಆಟ, ಜಗಳ ಎಲ್ಲವೂ ತುಳುವಿನಲ್ಲಿ ನಡೆಯುವಾಗ ಬಯಲುಸೀಮೆಯ ಮಗು ಸುಮ್ಮನಾಗುವುದು ಸಹಜ. ಅದನ್ನು ದಡ್ಡತನವೆಂದು ಗುರುತು ಹಾಕುವ ಶಿಕ್ಷಕರ ಮೇಲೆ ನನಗೆ ಸಿಟ್ಟಿದೆ. ಜೋರಾಗಿ ಓದಿಸಿ ನೋಡುವಂತೆ ತರಗತಿ ಶಿಕ್ಷಕಿಗೆ ಹೇಳಿ, ಓದಿನಲ್ಲಿ ಎಲ್ಲಿ ತಡವರಿಸುತ್ತಾಳೆಂಬುದು ಆಗ ತಿಳಿಯುತ್ತದೆ. ನಿಜವಾದ ತೊಡಕು ತಮ್ಮನದು. 3 ವರ್ಷ ತುಂಬಿದ ಮಗುವಿಗೆ ಅಂಗನವಾಡಿಯಲ್ಲಿ ಜಾಗವಿದೆ, ಊಟವೂ ಸಿಗುತ್ತದೆ. ಅವನನ್ನು ನಾಳೆಯೇ ಸೇರಿಸಿ. ಅಂಗನವಾಡಿ ತೆರೆಯುವ ಮೊದಲಿನ ಒಂದೆರಡು ಗಂಟೆ ನೆರೆಮನೆಯವರು ಯಾರಾದರೂ ನೋಡಿಕೊಂಡರೆ ಸಾಕು.

ಇನ್ನೊಂದು ಮಾತು: ಮೇ ಕೊನೆಗೆ ಅವರು ಊರಿಗೆ ಹೊರಡುವ ಮೊದಲು ಮಗಳ ಸ್ಯಾಟ್ಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ತಾಯಿಯ ಫೋನಿನಲ್ಲಿ ಉಳಿಸಿಡಿ, ಆಗಸ್ಟ್‌ನಲ್ಲಿ ಮರಳುತ್ತೇವೆಂದು ಮುಖ್ಯ ಶಿಕ್ಷಕರಿಗೆ ಬರೆದುಕೊಡಲು ಹೇಳಿ.