ಬ್ಯಾಂಕಪ್ಪ ಹಾಕಿದ ಫಾರ್ವರ್ಡು

ಎಂಬತ್ತರ ದಶಕದಲ್ಲಿ ದಾವಣಗೆರೆ ಸುತ್ತಮುತ್ತ ಗಣಪತಿ ಪೆಂಡಾಲು, ಮದುವೆ ಮಂಟಪ ಅಂತ ಆರ್ಕೆಸ್ಟ್ರಾ ಹೊತ್ತುಕೊಂಡು ಅಲೆದ ಆರು ಜನ ಕಾಲೇಜು ಗೆಳೆಯರ ಗುಂಪು ನಮ್ಮದು. ಈಗ ಎಲ್ಲರಿಗೂ ಬಿಪಿ, ಮೂವರಿಗೆ ಶುಗರ್ರು. ಮೊಮ್ಮಕ್ಕಳೂ ಓದ್ತಾರೆ, ಅದಕ್ಕೇ ಅಡ್ಡಹೆಸರಲ್ಲೇ ಇರಲಿ. ನಾನು ಬೋಂಗೋ. ಕೀಬೋರ್ಡು ಗುಂಪಲ್ಲಿದ್ದಾನೆ, ಎಲ್ಲಾ ಓದ್ತಾನೆ, ನೀಲಿ ಗೆರೆ ಬೀಳುತ್ತೆ, ಮಾತಿಲ್ಲ. ಭಾನುವಾರ ಬೆಳಿಗ್ಗೆ ಶುರುವಾಗಿದ್ದು ಹೀಗೆ.

ಬ್ಯಾಂಕಪ್ಪ: (ಫಾರ್ವರ್ಡ್, ಜೊತೆಗೊಂದು ಫೋಟೋ) 1960ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಒಬ್ಬ ಚಿತ್ರಕಾರ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಹುಡುಗರ ಹಾಡು ಕೇಳಿದ. ಅಂದಿನಿಂದ ಎಲ್ಲರೂ ಒಂದೇ ತಟ್ಟೆಯಲ್ಲಿ ಉಂಡರು. ಒಂದು ದಿನವೂ ಜಗಳವಿಲ್ಲ. ಸ್ನೇಹ ಅಂದರೆ ಇದು! 10 ಜನರಿಗೆ ಕಳಿಸಿ 🙏

ಗಿಟಾರ್: ಜಗಳವಿಲ್ಲವಂತೆ! 1970ರ ಡಿಸೆಂಬರ್ 31ಕ್ಕೆ ಪಾಲ್ ಮೆಕಾರ್ಟ್ನಿ ಬ್ಯಾಂಡಿನ ಉಳಿದ ಮೂವರು, ಜಾನ್, ಜಾರ್ಜ್, ರಿಂಗೋ ಮೇಲೆ ಲಂಡನ್ನಲ್ಲಿ ಕೇಸು ಜಡಿದ. ಹೊಸ ವರ್ಷದ ಉಡುಗೊರೆ ಕಣ್ಲೇ ಅದು.

ಬ್ಯಾಂಕಪ್ಪ: ನಾನೇನು ಬರೆದಿದ್ನಾ? ಬಂದಿದ್ದು ದಾಟಿಸಿದೆ.

ಗಿಟಾರ್: ಕೌಂಟರಲ್ಲಿ ಬಂದ ಚೆಕ್ಕನ್ನೂ ಹಿಂಗೇ ದಾಟಿಸ್ತಿದ್ಯಾ?

ಜಾನಕಿಯಕ್ಕ: ಆ ಚಿತ್ರಕಾರ ಯಾರ್ರೀ?

ಗಿಟಾರ್: ಕ್ಲೌಸ್ ಫೋರ್ಮನ್ ಅಕ್ಕ. ಗೆಳತಿ ಆಸ್ಟ್ರಿಡ್ ಜೊತೆ ಮುನಿಸ್ಕೊಂಡು ಒಬ್ಬನೇ ರೀಪರ್‌ಬಾನ್ ಬೀದಿ ಕಡೆ ಅಲೆಯೋಕೆ ಹೋಗಿದ್ದ. ಕೈಸರ್‌ಕೆಲ್ಲರ್ ಅನ್ನೋ ನೆಲಮಾಳಿಗೆ ಕ್ಲಬ್ಬಿಂದ ಸದ್ದು ಬಂತು, ಇಳಿದ. ಆಗ ಸ್ಟೇಜಲ್ಲಿ ಇದ್ದದ್ದು ಬೇರೆ ತಂಡ. ಅದರ ಡ್ರಮ್ಮರ್ ಯಾರು ಹೇಳ್ರಿ? ಮುಂದೆ ಬೀಟಲ್ಸ್ ಸೇರಿದ ರಿಂಗೋ! ಬೀಟಲ್ಸ್ ಸ್ಟೇಜ್ ಹತ್ತಿದ್ದು ಆಮೇಲೆ. ಮುಂದೆ ಆಸ್ಟ್ರಿಡ್‌ನೂ ಕರ್ಕೊಂಡು ಬಂದ.

ಡ್ರಮ್ಸ್: ಅಂದ್ರೆ ಮೂಲ ಜಗಳಾನೇ 😄

ಬ್ಯಾಂಕಪ್ಪ: ಅವರೆಲ್ಲರ ತಲೆಗೂದಲು ಕತ್ತರಿಸಿದ್ದು ಆಸ್ಟ್ರಿಡ್ ಅಂತ ಇನ್ನೊಂದು ಫಾರ್ವರ್ಡ್ ಐತೆ, ಹಾಕ್ಲಾ?

ಗಿಟಾರ್: ಬ್ಯಾಡ. ಜಾನ್, ಪಾಲ್ ಇಬ್ಬರೂ ಮಾಡಿಸ್ಕೊಂಡಿದ್ದು 1961ರಲ್ಲಿ ಪ್ಯಾರಿಸ್ಸಲ್ಲಿ. ಕತ್ತರಿ ಹಿಡಿದವನು ಯೂರ್ಗನ್ ಫೋಲ್ಮರ್, ಅದೇ ಬಳಗದವನು.

ಜಾನಕಿಯಕ್ಕ: ಆ ಹುಡುಗರು ಮಲಗ್ತಿದ್ದದ್ದು ಬಾಂಬಿ ಕಿನೊ ಅನ್ನೋ ಟಾಕೀಸಿನ ಪರದೆ ಹಿಂದೆ ಅಂತೆ. ಪಕ್ಕದಲ್ಲೇ ಶೌಚಾಲಯ.

ಬೋಂಗೋ: ನಾವು ಜಗಳೂರಲ್ಲಿ ಶೇಂಗಾ ಗೋಡೌನಲ್ಲಿ ಮಲಗಿರ್ಲಿಲ್ವಾ ಅಕ್ಕ? ಬೆಳಿಗ್ಗೆ ಎದ್ದು ನೋಡಿದ್ರೆ ನನ್ನ ಬೋಂಗೋ ಚರ್ಮ ಅಂಚಿಂದ ಅರ್ಧ ಇಲ್ಲ. ಇಲಿಗಳು ಶೇಂಗಾ ಬಿಟ್ಟು ಅದನ್ನ ತಿಂದಿದ್ವು.

ಜಾನಕಿಯಕ್ಕ: ನಾನು ಅಲ್ಲಿ ಮಲಗಲಿಲ್ಲಪ್ಪ, ಮೇಷ್ಟ್ರ ಮನೇಲಿ ಇದ್ದೆ. ಬೆಳಿಗ್ಗೆ ನಿಮಗೆಲ್ಲ ಮಂಡಕ್ಕಿ ಒಗ್ಗರಣೆ ತಂದಿದ್ದೆ, ಅದು ಮರೀಬೇಡ್ರಿ.

ಡ್ರಮ್ಸ್: ನನ್ನ ಪ್ರಶ್ನೆ ಬೇರೆ. ಕೋರ್ಟಿಗೆ ಹೋದ ಮೇಲೆ ಈ ಕ್ಲೌಸು ಯಾರ ಕಡೆ?

ಗಿಟಾರ್: ಜಾನ್‌ಗೆ ಬಾಸ್ ನುಡಿಸಿದ. ಜಾರ್ಜ್‌ಗೆ ನುಡಿಸಿದ. ರಿಂಗೋಗೂ ನುಡಿಸಿದ.

ಡ್ರಮ್ಸ್: ಪಾಲ್‌ಗೆ?

ಗಿಟಾರ್: ಪಾಲ್ ತಾನೇ ಬಾಸ್ ನುಡಿಸೋನು, ಅವನಿಗ್ಯಾಕೆ ಇವನು? ಪಾಲ್ ಜಾಗಕ್ಕೆ ಕ್ಲೌಸ್‌ನೇ ತಗೊಂತಾರೆ ಅಂತ ಪೇಪರಲ್ಲಿ ಗುಲ್ಲು ಬೇರೆ ಎದ್ದಿತ್ತು.

ಡ್ರಮ್ಸ್: ನೋಡಿದ್ಯಾ! ಮೂವರ ಕಡೆ ನಿಂತು ನಾಲ್ಕನೆಯವನ ಕುರ್ಚಿ ಮ್ಯಾಲೆ ಕಣ್ಣು. ಇದನ್ನ ಸ್ನೇಹ ಅಂತೀಯಾ?

ಜಾನಕಿಯಕ್ಕ: ಗುಲ್ಲು ಎಬ್ಬಿಸಿದ್ದು ಪೇಪರಿನವರು, ಅವನಲ್ಲ. 1966ರ ಬೀಟಲ್ಸ್ ಆಲ್ಬಮ್ ರಿವಾಲ್ವರ್ ಹೊದಿಕೆ ಬರೆದಿದ್ದು ಅವನು. ಬ್ಯಾಂಕಪ್ಪ ಹಾಕಿರೋ ಫೋಟೋ ಅದೇ: ಶಾಯಿಯಲ್ಲಿ ನಾಲ್ಕು ಮುಖ, ಕೂದಲಿನ ನಡುವೆ ಅಂಟಿಸಿದ ಚಿಕ್ಕ ಚಿಕ್ಕ ಫೋಟೋ. ಗ್ರ್ಯಾಮಿ ಬಂತು ಅದಕ್ಕೆ. ಆಮೇಲೆ 1995-96ರ ಬೀಟಲ್ಸ್ ಆಂಥಾಲಜಿ ಆಲ್ಬಮ್ ಹೊದಿಕೆಗಳಿಗೂ ಅವನನ್ನೇ ಕರೆದ್ರು. ಪಾಲ್‌ಗೆ ಸಿಟ್ಟಿದ್ರೆ ಒಪ್ತಿದ್ನಾ? 2009ರಲ್ಲಿ ಕ್ಲೌಸ್ ತನ್ನ ಸ್ವಂತ ಆಲ್ಬಮ್ ಮಾಡಿದಾಗ ಪಾಲೂ ಬಂದ, ರಿಂಗೋನೂ ಬಂದ.

ಡ್ರಮ್ಸ್: ಎರಡು ದೋಣಿ ಮ್ಯಾಲೆ ಕಾಲಿಟ್ಟೋರಿಗೆ ನೀವ್ಯಾವಾಗಲೂ ವಕಾಲತ್ತು ಅಕ್ಕ. ಬೋಂಗೋನೂ ಹಂಗೇ. ನಾವು ಒಡೆದಾಗ ಎರಡೂ ಕಡೆ ಬಾರಿಸಿದ.

(ಬರುತ್ತೆ ಅಂತ ಗೊತ್ತಿತ್ತು. ಅವನ ಯಾವ ಪ್ರಶ್ನೆ ಆದರೂ ಸುತ್ತಿ ಬಳಸಿ ಇಲ್ಲಿಗೇ ಬರೋದು.)

ಬೋಂಗೋ: ಹೌದು, ಬಾರಿಸಿದೆ. ಕೀಬೋರ್ಡು ಕಡೆ ಎರಡು ಮದುವೆ, ನಿನ್ನ ಕಡೆ ದುಗ್ಗಮ್ಮನ ಜಾತ್ರೆ. ಅವನು ದುಡ್ಡು ಕೊಟ್ಟ. ನೀನು ಇನ್ನೂ ಕೊಟ್ಟಿಲ್ಲ.

ಬ್ಯಾಂಕಪ್ಪ: ಬಡ್ಡಿ ಲೆಕ್ಕ ಹಾಕ್ಲಾ?

ಡ್ರಮ್ಸ್: ಆಂಪ್ಲಿ ಸುಟ್ಟಿದ್ದು ಯಾರಿಂದ? ಅದನ್ನ ಕೇಳಲ್ಲ ಯಾರೂ.

ಗಿಟಾರ್: ಕರೆಂಟು ಏರಿ ಸುಡ್ತು. ನೀನು ಕೀಬೋರ್ಡಿಂದ ಸುಡ್ತು ಅಂತ ನಾಲ್ಕು ಜನರ ಮುಂದೆ ಕೂಗಾಡಿದೆ. ಅವನು ಮಾರನೇ ವಾರ ಸ್ವಂತ ದುಡ್ಡಲ್ಲಿ ಸ್ಟೆಬಿಲೈಸರ್ ತಂದಿಟ್ಟ. ಮಾತಾಡ್ಲಿಲ್ಲ. ಅವತ್ತಿಂದ ಬರ್ಲೂ ಇಲ್ಲ.

ಡ್ರಮ್ಸ್: ಈ ಸಂದೇಶವನ್ನು ಅಳಿಸಲಾಗಿದೆ

ಜಾನಕಿಯಕ್ಕ: ಓದಿದೆ ನಾನು. ಅಳಿಸಿದ್ದು ಒಳ್ಳೇದಾಯ್ತು.

ಆಮೇಲೆ ಗುಂಪು ತಣ್ಣಗಾಯಿತು. ಬ್ಯಾಂಕಪ್ಪ ಒಂದು ಶುಭೋದಯದ ಹೂವು ಹಾಕಿ ತಾನೇ ತೆಗೆದ. ನಾನು ದೋಸೆ ತಿನ್ನಲು ಹೋಗಿ, ತಟ್ಟೆ ಬರೋವರೆಗೆ ಫೋನು ನೋಡುತ್ತಾ ಕೂತೆ. ಮೇಲೆ 'ಕೀಬೋರ್ಡು ಟೈಪಿಂಗ್' ಅಂತ ಬಂತು. ಹೋಯಿತು. ಮತ್ತೆ ಬಂತು. ಬೆಣ್ಣೆ ಕರಗಿ ದೋಸೆಯ ಅಂಚಿಗೆ ಇಳಿಯಿತು, ಅವನಿನ್ನೂ ಬರೀತಾನೇ ಇದ್ದ.

ಕೀಬೋರ್ಡು: ಟೊರೊಂಟೊ ಕಾರ್ಯಕ್ರಮ ಯಾರೂ ಹೇಳ್ಲಿಲ್ಲ. 1969 ಸೆಪ್ಟೆಂಬರ್ 13. ಜಾನ್ ಕರೆದ, ಕ್ಲೌಸ್ ಬಾಸ್ ತಗೊಂಡು ಹೊರಟ. ರಿಹರ್ಸಲ್ ಮಾಡಿದ್ದು ವಿಮಾನದೊಳಗೆ.

ಗಿಟಾರ್: ಅಯ್ಯೋ ಹೌದಲ್ಲೋ!

ಕೀಬೋರ್ಡು: ನನ್ನ ಸ್ಟೆಬಿಲೈಸರ್ ಯಾರ ಮನೇಲೈತೆ?

ಡ್ರಮ್ಸ್: ನನ್ನ ಅಟ್ಟದ ಮ್ಯಾಲೆ. 2004ರ ತನಕ ಫ್ರಿಜ್ಜಿಗೆ ಹಾಕಿದ್ದೆ.

ಕೀಬೋರ್ಡು: ಫ್ರಿಜ್ಜು ಸುಡ್ತಾ?

ಡ್ರಮ್ಸ್: ಇಲ್ಲ ಕಣೋ.