ಸರ್ಕಾರಿ ಆಸ್ಪತ್ರೆಗೆ ಅಂತಲೇ ಪೊಲೀಸರು ಬೇಡವೇ?

ನೈಟ್ ಡ್ಯೂಟಿ ಸಿಸ್ಟರ್, ಹಾಸನ ಜಿಲ್ಲೆ:
ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್ ನಾನು. ಹೋದ ತಿಂಗಳು ರಾತ್ರಿ ಎರಡೂವರೆಗೆ ಬೈಕಿನಿಂದ ಬಿದ್ದ ಹುಡುಗನನ್ನು ಹತ್ತು ಹನ್ನೆರಡು ಜನ ಹೊತ್ತು ತಂದರು. ಡಾಕ್ಟರು ಹೆರಿಗೆ ವಾರ್ಡಿನಲ್ಲಿದ್ದರು. ತಲೆಯ ಗಾಯಕ್ಕೆ ಗಾಜ್ ಒತ್ತಿ ಹಿಡಿದಿದ್ದೆ, ಕೈ ತೆಗೆಯುವ ಹಾಗಿರಲಿಲ್ಲ. "ಡಾಕ್ಟ್ರೆಲ್ಲಿ" ಅಂತ ಒಬ್ಬ ನನ್ನ ಐಡಿ ಕಾರ್ಡಿನ ದಾರ ಹಿಡಿದು ಎಳೆದ. ಕತ್ತಿನ ಹಿಂದೆ ಬರೆ ಎದ್ದಿತು. ಕೈ ಮಾತ್ರ ತೆಗೆಯಲಿಲ್ಲ.

ನಮ್ಮ ಸೆಕ್ಯುರಿಟಿ ಅಣ್ಣನಿಗೆ ಅರವತ್ತು ದಾಟಿದೆ, ಹತ್ತು ಜನರನ್ನು ಅವರೊಬ್ಬರೇ ಹೇಗೆ ತಡೆದಾರು? 112ರ ಗಾಡಿ ಬರುವಷ್ಟರಲ್ಲಿ ಎಳೆದವನು ಹೋಗಿಯಾಗಿತ್ತು. ಬೆಳಿಗ್ಗೆ ದೂರು ಕೊಡಲು ಹೋದರೆ "ರಾಜಿ ಮಾಡ್ಕೊಳ್ಳಿ ಸಿಸ್ಟರ್, ಊರಿನವ್ರೇ ಅಲ್ವಾ" ಅಂದರು. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವ 2009ರ ರಾಜ್ಯದ ಕಾಯ್ದೆಯಲ್ಲಿ ಇದಕ್ಕೆ ಜೈಲು, ದಂಡ ಇದೆ, ಜಾಮೀನುರಹಿತ ಅಪರಾಧ. ಆದರೆ ಆ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವವರು ಬೇಕು. ಆಸ್ಪತ್ರೆಗೆ ಅಂತಲೇ ಪೊಲೀಸರನ್ನು ಕೇಳಿದರೆ ತಪ್ಪಾ?

ನಿವೃತ್ತ ಹೆಡ್ ಕಾನ್ಸ್‌ಟೇಬಲ್, ಚಿಕ್ಕಮಗಳೂರು:
ತಪ್ಪಿಲ್ಲ ತಾಯಿ. ಆದರೆ ಆಸ್ಪತ್ರೆ ಹೊರಠಾಣೆಯಲ್ಲಿ ಎರಡು ವರ್ಷ ಕೂತವನಾಗಿ ಒಂದು ಮಾತು. ಅಲ್ಲಿ ನನ್ನ ಕೆಲಸ ಎಂಎಲ್‌ಸಿ (ಹೊಡೆದಾಟ, ಅಪಘಾತದಂಥ ಪೊಲೀಸ್ ಕೇಸು) ಬಂದರೆ ಠಾಣೆಗೆ ತಿಳಿಸೋದು, ಹೇಳಿಕೆ ಬರ್ಕೊಳ್ಳೋದು, ಅಷ್ಟೇ. ದತ್ತ ಜಯಂತಿ ಬಂತು ಅಂದ್ರೆ ಬಂದೋಬಸ್ತಿಗೆ ಹಾಕೋರು, ಕುರ್ಚಿ ಖಾಲಿ. ನಿಮ್ಮ ಕಡೆ ಹಾಸನಾಂಬೆ ಬಾಗಿಲು ತೆರೆದಾಗಲೂ ಅದೇ ಆಗುತ್ತೆ. ಬೇರೆ ಬಂದೋಬಸ್ತಿಗೆ ಕಳಿಸಬಾರದು ಅನ್ನೋ ಷರತ್ತು ಹಾಕಿಸಿ. ತರಬೇತಿಯೂ ಬೇಕು. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರದಲ್ಲಿ ಹೌಸ್ ಸರ್ಜನ್ (ತರಬೇತಿಯಲ್ಲಿದ್ದ ವೈದ್ಯೆ) ಹೆಣ್ಣುಮಗಳನ್ನು ಕತ್ತರಿಯಿಂದ ಇರಿದು ಕೊಂದವನು ಪೊಲೀಸರೇ ಚಿಕಿತ್ಸೆಗೆ ಕರೆತಂದಿದ್ದವನು. ಖಾಕಿ ಪಕ್ಕದಲ್ಲೇ ಇತ್ತು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಇನ್ನೊಂದು, ದೂರು ಕೊಡಲು ನೀವೊಬ್ಬರೇ ಹೋಗಬೇಡಿ. 2024ರಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರಬೇತಿ ವೈದ್ಯೆಯ ಕೊಲೆ ಆದಮೇಲೆ, 6 ಗಂಟೆಯೊಳಗೆ ಎಫ್‌ಐಆರ್ ಮಾಡಿಸೋ ಹೊಣೆ ಸಂಸ್ಥೆಯ ಮುಖ್ಯಸ್ಥರದ್ದು ಅಂತ ಕೇಂದ್ರದ ಆಸ್ಪತ್ರೆಗಳಿಗೆ ಆದೇಶ ಆಯ್ತು. ಅದೇ ಪದ್ಧತಿ ನಿಮ್ಮಲ್ಲೂ ತನ್ನಿ ಅಂತ ಕೇಳಿ.

ಬೇಲೂರಿನವನು:
2025ರ ಜುಲೈನಲ್ಲಿ, ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸುದ್ದಿ ಹಬ್ಬಿ ಇಸಿಜಿಗೆ ಜನ ಮುಗಿಬಿದ್ದಿದ್ದಾಗ, ಅಪ್ಪನ್ನ ಎದೆನೋವು ಅಂತ ಕರ್ಕೊಂಡ್ ಹೋಗಿದ್ದೆ. ಎರಡು ಗಂಟೆ ಯಾರೂ ಏನೂ ಹೇಳಲಿಲ್ಲ. ನಾನೂ ಒಬ್ಬ ಸಿಸ್ಟರ್ ಮೇಲೆ ಕೂಗಾಡಿದೆ, ಆಮೇಲೆ ಕ್ಷಮೆ ಕೇಳಿದೆ. "ಇಸಿಜಿ ಆಯ್ತು, ನಾರ್ಮಲ್ ಇದೆ" ಅಂತ ಒಬ್ಬರು ಹೊರಗೆ ಬಂದು ಹೇಳಿದ್ದರೆ ಸಾಕಿತ್ತು. ಪೊಲೀಸರು ಇರಲಿ, ಹಾಗೆ ಹೇಳೋರೂ ಒಬ್ಬರಿರಲಿ.

ನೈಟ್ ಡ್ಯೂಟಿ ಸಿಸ್ಟರ್:
ನೀವು ಹೇಳಿದ್ದು ನಿಜ ಅಣ್ಣ. ಡಾಕ್ಟರು ಹೆರಿಗೆ ಮಾಡಿಸ್ತಿದ್ದಾರೆ, ಬರ್ತಾರೆ ಅಂತ ನಿಧಾನವಾಗಿ ಹೇಳೋಕೂ ಅವತ್ತು ನನಗೆ ಆಗಲಿಲ್ಲ. ಅರ್ಜಿಯಲ್ಲಿ ಎರಡನ್ನೂ ಬರೀತೀನಿ, ರಾತ್ರಿ ಪಾಳಿಯವರೆಲ್ಲ ಸಹಿ ಹಾಕ್ತೀವಿ ಅಂದಿದ್ದಾರೆ. ಹೆಡ್ ಕಾನ್ಸ್‌ಟೇಬಲ್ ಸಾರ್, ಬಂದೋಬಸ್ತಿನ ಆ ಷರತ್ತನ್ನ ಹೇಗೆ ಬರೀಬೇಕು, ಒಂದು ಪ್ಯಾರಾ ಬರೆದು ಇಲ್ಲೇ ಹಾಕ್ತೀರಾ? ಸೋಮವಾರ ಕೊಡಬೇಕು.